ಎರವಲು ಮೂಗು

ಮೂಗು ನನ್ನದು, ಹೆಸರು ನನ್ನ ಗಂಡನದು. ಎಂಟು ತಿಂಗಳಿಂದ ನಮ್ಮ ಮನೆ ನಡೆಯುತ್ತಿದ್ದುದೇ ಹೀಗೆ. ಅದನ್ನು ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ. ಹೇಳದೆ ಇದ್ದರೆ ನನ್ನ ಹೊಟ್ಟೆ ಉರಿಯುವುದೂ ನಿಲ್ಲುತ್ತಿರಲಿಲ್ಲ.

ನನ್ನ ಗಂಡ ಶಿಶಿರ ಬಾಳೆಹೊನ್ನೂರಿನ ಮಲ್ಲೇಶಪ್ಪ ಸಾಹುಕಾರರ ಕಾಫಿ ಮಂಡಿಯಲ್ಲಿ ಟೇಸ್ಟರ್. ಸುತ್ತಲಿನ ಎಸ್ಟೇಟುಗಳಿಂದ ಬಂದ ಸ್ಯಾಂಪಲ್ಲು ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು ಮೂಸಬೇಕು. ಚಮಚದಲ್ಲಿ ಸೊರ್ರೆಂದು ಹೀರಬೇಕು. ಇದು ಒಳ್ಳೆಯದು, ಇದಕ್ಕೆ ಮುಗ್ಗಲು ವಾಸನೆ ಹಿಡಿದಿದೆ, ಇದು ಕಣದಲ್ಲಿ ಹುಳಿತು ಹೋಗಿದೆ ಅಂತ ಬರೆದುಕೊಡಬೇಕು. ಹದಿನಾಲ್ಕು ವರ್ಷ ಅದನ್ನೇ ಮಾಡಿದವರು. ಕಳೆದ ಕಾರ್ತಿಕದಲ್ಲಿ ಒಂದು ಜ್ವರ ಬಂತು. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಇಂಗಿನ ಡಬ್ಬಿಯೊಳಗೆ ಮುಖ ಇಟ್ಟರೂ ಇವರಿಗೆ ಏನೂ ಇಲ್ಲ. ಶಿವಮೊಗ್ಗದ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದರು. ಇಷ್ಟು ಹೇಳಲಿಕ್ಕೆ ಶಿವಮೊಗ್ಗದ ತನಕ ಹೋಗಬೇಕಿತ್ತೆ? ನಮ್ಮ ಅತ್ತೆಯೇ ಹೇಳುತ್ತಿದ್ದರು.

"ಸಾಹುಕಾರ್ರಿಗೆ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ ನಯನ" ಎಂದು ಇವರು ಮುಖ ಸಣ್ಣದು ಮಾಡಿಕೊಂಡು ಕೂತರು. ನಿಜವೇ. ಮೂಗಿಲ್ಲದ ಟೇಸ್ಟರನ್ನು ಯಾವ ಮಂಡಿಯವರು ಇಟ್ಟುಕೊಳ್ಳುತ್ತಾರೆ? ಬೇರೆ ಕೆಲಸ ಇವರಿಗೆ ಬರುವುದಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆವು. ಊಟದ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಇವರು ಸ್ಯಾಂಪಲ್ಲು ಮನೆಗೆ ತರುವುದು, ಸಂಜೆ ಕೊಪ್ಪದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಾನು ಮೂಸಿ, ಹೀರಿ, ಹೇಳುವುದು, ಇವರು ಬರೆದುಕೊಳ್ಳುವುದು. ಮರುದಿನ ಮಂಡಿಯಲ್ಲಿ ಎಲ್ಲರೆದುರು ಸೊರ್ರೆಂದು ಹೀರಿ, ಕಣ್ಣು ಮುಚ್ಚಿ, ನಾನು ಹೇಳಿದ್ದನ್ನೇ ಹೇಳುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ನಮ್ಮಲ್ಲಿ ಆದದ್ದು ಅದೇ. ದಿನಾ ಎಂಟು ಲೋಟ ಕಾಫಿ ಉಗುಳಿ ಉಗುಳಿ ನನಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಇವರು ಬಂದು, "ಸಾಹುಕಾರ್ರು ಹೊಗಳಿದ್ರು, ಇತ್ತೀಚೆಗೆ ನಿನ್ನ ಮೂಗು ಇನ್ನೂ ಚುರುಕಾಗಿದೆ ಶಿಶಿರ ಅಂದ್ರು" ಎಂದು ಸಂತೋಷದಲ್ಲಿ ಹೇಳಿದರು. ನನಗೆ ಸೌಟು ತೆಗೆದು ಬೀಸುವ ಅಂತ ಅನ್ನಿಸಿತು.

ಇಷ್ಟರಲ್ಲಿ ಮುಗಿದಿದ್ದರೆ ಸಾಕಿತ್ತು. ಆಷಾಢ ಶುರುವಾಗುವಾಗ ಬಂದವು ಈ ಸಿಗಾರುಗಳು.

ಮೈಸೂರಿನಲ್ಲಿ ಗಂಗಾಧರ್ ಅಂತ ಒಬ್ಬರಿದ್ದಾರೆ, ಸಿಗಾರ್ ಸೇದುವ ಶ್ರೀಮಂತರಿಗೆ ಒಂದು ಕ್ಲಬ್ಬು ನಡೆಸುವವರು. ಸಿಗಾರಿನ ಜೊತೆಗೆ ಹೊಂದುವ ಕಾಫಿ ಬೇಕು, ವರ್ಷಾನುಗಟ್ಟಲೆ ತೆಗೆದುಕೊಳ್ಳುತ್ತೇನೆ ಎಂದು ಅವರು ಸಾಹುಕಾರರ ತಲೆಯಲ್ಲಿ ಹುಳ ಬಿಟ್ಟರು. ಬಸರೀಕಟ್ಟೆಯ ಎಸ್ಟೇಟ್ ಬಂಗಲೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಕೂಟ. ನಮ್ಮವರು ಸಿಗಾರಿನ ಗುಣ ವಿವರಿಸಿ, ಯಾವುದರ ಜೊತೆ ಯಾವ ಕಾಫಿ ಅಂತ ಹೇಳಬೇಕು. ಸಾಹುಕಾರರು ಒಂದು ಮರದ ಡಬ್ಬಿ ಸಿಗಾರ್ ತರಿಸಿದರು. ಅವರ ಮನೆಯಾಕೆ ಬಸವಮ್ಮನವರು, "ಲಿಂಗಪೂಜೆ ಮಾಡೋ ಮನೆಗೆ ಇದೆಂಥದ್ರಿ" ಎಂದು ಡಬ್ಬಿಯನ್ನು ಹೊಸಿಲು ದಾಟಲು ಬಿಡಲಿಲ್ಲ. ದಾಟಿದ್ದು ನಮ್ಮ ಮನೆಯ ಹೊಸಿಲು.

"ಎರಡು ಸಿಗಾರು ಅಭ್ಯಾಸಕ್ಕೆ ಅಂತ ಬೇರೆ ಕೊಟ್ಟಿದಾರೆ" ಎಂದು ಇವರು ನನ್ನ ಮುಖ ನೋಡಿದರು.

"ಯಾರಿಗೆ ಅಭ್ಯಾಸ?"

ಇವರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು.

"ರೀ, ನಾನು ಸಿಗಾರ್ ಸೇದಬೇಕಾ?"

"ಸೇದೋದಲ್ಲ ಮಾರಾಯ್ತಿ, ರುಚಿ ನೋಡೋದು."

ರಾಮ ರಾಮ! ತವರೂರು ಮೆಣಸೆಯಲ್ಲಿ ನನ್ನ ಅಪ್ಪನಿಗೆ ಗೊತ್ತಾದರೆ ಅಡಿಕೆ ದೋಟಿ ಹಿಡಿದುಕೊಂಡು ಬರುತ್ತಿದ್ದರು. ಆದರೂ ಮರುದಿನ ಅತ್ತೆ ಮಧ್ಯಾಹ್ನದ ನಿದ್ದೆಗೆ ಮಲಗಿದ ಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೆರಗು ಸಿಕ್ಕಿಸಿಕೊಂಡು ಕೂತೆ. ಇವರು ಎದುರಿಗೆ ಕುಕ್ಕರುಗಾಲಿನಲ್ಲಿ, ನೋಟುಪುಸ್ತಕ ಹಿಡಿದು, ಮೇಷ್ಟ್ರ ಎದುರು ಕೂತ ಹುಡುಗನ ಹಾಗೆ.

"ಹೊತ್ತಿಸೋ ಮೊದಲು ಒಂದ್ಸಲ ಮೂಸು."

ಮೂಸಿದೆ. "ಕೊಟ್ಟಿಗೆ" ಎಂದೆ.

"ಎಂತ?"

"ಕೊಟ್ಟಿಗೆ ರೀ, ದನದ ಕೊಟ್ಟಿಗೆ. ಒಣಹುಲ್ಲು ಹಾಸಿದ್ದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬರ್ತದಲ್ಲ, ಅದು."

ಇವರು ಮೊಬೈಲಿನಲ್ಲಿ ಹುಡುಕಿ ಕಣ್ಣರಳಿಸಿದರು. "ಹೌದು ಮಾರಾಯ್ತಿ! ಇಲ್ಲೂ ಹಾಂಗೇ ಬರೆದಿದಾರೆ. ಅದು ಒಳ್ಳೆ ಸಿಗಾರಿನ ಗುಣವಂತೆ."

ದನದ ಕೊಟ್ಟಿಗೆ ಮೂಸಲು ಇಷ್ಟು ದುಡ್ಡು ಸುರಿಯುವವರೂ ಇದ್ದಾರೆ ಎಂದು ನನಗೆ ಅವತ್ತು ತಿಳಿಯಿತು. ನಮ್ಮ ತವರಿಗೆ ಬಂದರೆ ಬಿಟ್ಟಿಯಾಗಿ ಮೂಸಿ ಹೋಗಬಹುದಿತ್ತು, ಸಗಣಿಯನ್ನೂ ಕೊಟ್ಟು ಕಳಿಸುತ್ತಿದ್ದೆವು.

ತುದಿ ಕತ್ತರಿಸಿ, ಕಡ್ಡಿ ಗೀರಿ, ತಿರುಗಿಸಿ ತಿರುಗಿಸಿ ಹೊತ್ತಿಸಿದೆವು. ನಾನು ಜೋರಾಗಿ ಒಳಗೆಳೆದೆ. ಆಮೇಲಿನದ್ದು ಹೇಳುವುದು ಬೇಡ. ಕಣ್ಣು ಮೂಗಿನಲ್ಲೆಲ್ಲ ನೀರು, ಕರುಳು ಬಾಯಿಗೆ ಬರುವ ಕೆಮ್ಮು.

"ಒಳಗೆ ಎಳೀಬಾರ್ದು. ಬಾಯಲ್ಲಿ ಇಟ್ಕೊಂಡು ಹೊರಗೆ ಬಿಡಬೇಕಂತೆ" ಎಂದರು ಇವರು, ಮೊಬೈಲು ನೋಡಿಕೊಂಡು.

"ಅದನ್ನ ಮೊದಲೇ ಹೇಳಕ್ಕೆ ಎಂತ ಆಗಿತ್ತು ನಿಮ್ಮ ಬಾಯಿಗೆ?"

ಎರಡನೇ ಸಿಗಾರಿಗೆ ಹದ ಸಿಕ್ಕಿತು. ನಿಮಿಷಕ್ಕೊಂದು ಸಲ, ಆತುರವಿಲ್ಲದೆ ಎಳೆಯಬೇಕು. ಹೊಗೆ ನಾಲಿಗೆಯ ಮೇಲೆ ಒಂದು ಸುತ್ತು ಹೋಗಬೇಕು, ಒಂದಿಷ್ಟು ಮೂಗಿನಿಂದ ಮೆಲ್ಲಗೆ ಬಿಡಬೇಕು. ಬೂದಿಯನ್ನು ಕೊಡವಬಾರದು, ಅದೇ ಬೀಳಲಿ ಅಂತ ಬಿಡಬೇಕು. ಮೊದಲ ಭಾಗದಲ್ಲಿ ಹೊಸ ಚಪ್ಪಲಿ ಅಂಗಡಿಯ ವಾಸನೆ, ಹಿಂದೆಯೇ ಹೊಸದಾಗಿ ಕೊಯ್ದ ಮರದ ಪುಡಿ. ಅರ್ಧಕ್ಕೆ ಬರುವಾಗ ಅದು ಸಂಪೂರ್ಣ ಬೇರೆಯೇ ಆಯಿತು. ಆಲೆಮನೆಯ ಕೊಪ್ಪರಿಗೆಯ ತಳಕ್ಕೆ ತುಸು ಹಿಡಿದ ಬೆಲ್ಲ, ಕಾಫಿಬೀಜ ಹುರಿಯುವಾಗ ಕಂದು ಬಣ್ಣಕ್ಕೆ ತಿರುಗುವ ಹೊತ್ತಿನ ವಾಸನೆ. ಕೊನೆಯ ಭಾಗದಲ್ಲಿ ಕಾಳುಮೆಣಸಿನ ಖಾರ, ತುಟಿಗಲ್ಲ, ಗಂಟಲಿನ ಬಾಗಿಲಿಗೆ. ಅದರ ಅಡಿಯಲ್ಲಿ ಮಾತ್ರ ಬೆಲ್ಲದ ಸಿಹಿ ಹಾಗೇ ಉಳಿದಿತ್ತು. ನಾನು ಒಂದೊಂದೇ ಹೇಳುತ್ತ ಹೋದೆ, ಇವರು ಬರೆಯುತ್ತ ಹೋದರು. ಹಾಳಾದ್ದು, ಚೆನ್ನಾಗಿತ್ತು. ಬೈಯಲು ಕೂತವಳಿಗೆ ಅದು ಚೆನ್ನಾಗಿದೆ ಅನ್ನಿಸಿದ್ದಕ್ಕೇ ಇನ್ನೂ ಸಿಟ್ಟು ಬಂತು.

"ನಿಂಗೆ ಇಷ್ಟೆಲ್ಲ ಸಿಗ್ತದಾ?" ಎಂದು ಇವರು ಕೇಳಿದರು. ಆಸೆಯೋ, ಹೊಟ್ಟೆಕಿಚ್ಚೋ ಗೊತ್ತಾಗಲಿಲ್ಲ. ನಾನು ಬಾಯಿ ತೊಳೆಯಲು ಹೋದೆ.

ಅಲ್ಲಿಂದ ಹತ್ತು ದಿನ ಇವರದು ಬಾಯಿಪಾಠ. ಸ್ನಾನಕ್ಕೆ ಹೋದರೂ ಚಪ್ಪಲಿ, ಬೆಲ್ಲ, ಮೆಣಸು. ಕೂಟಕ್ಕೆ ಇಟ್ಟ ಡಬ್ಬಿ ಬೀರುವಿನಲ್ಲಿ ನನ್ನ ಸೀರೆಗಳ ಅಡಿಯಲ್ಲಿತ್ತು. ಸಿಗಾರ್ ಒಣಗಬಾರದು, ಡಬ್ಬಿಯಲ್ಲಿ ಸದಾ ಒಂದು ಒದ್ದೆ ಸ್ಪಂಜು ಇರಬೇಕು ಎಂದು ಸಾಹುಕಾರರ ಕಟ್ಟಪ್ಪಣೆ. ನಾನು ಸ್ಪಂಜು ಇಟ್ಟೆ, ಮುಚ್ಚಿದೆ, ಮರೆತೆ. ಮನೆಯಲ್ಲಿ ಅತ್ತೆ ಇದ್ದಾರೆ ಎನ್ನುವುದನ್ನೂ ಮರೆತೆ.

ನಮ್ಮ ಅತ್ತೆ ವೆಂಕಮ್ಮನವರಿಗೆ ಮಳೆಗಾಲದಲ್ಲಿ ಒಬ್ಬನೇ ಶತ್ರು, ಬೂಷ್ಟು. ಜೂನ್ ತಿಂಗಳಿಂದ ಅವರ ಕೈಗೆ ಸಿಕ್ಕಿದ್ದೆಲ್ಲ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಸಾರಿಗೆ ಹಾಕಲು ಒಣಗಿಸಿದ ವಾಟೆಹುಳಿ, ಹಪ್ಪಳ, ಬೆಂಕಿಪೊಟ್ಟಣ, ಒಮ್ಮೆ ನನ್ನ ಪಾಸ್‌ಬುಕ್ಕು. ಶನಿವಾರ ಬೆಳಿಗ್ಗೆ ಇವರು ಡಬ್ಬಿ ಎತ್ತಿಕೊಂಡು ಸಾಹುಕಾರರ ಜೀಪು ಹತ್ತಿ ಹೋದ ಮೇಲೆ, ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ತಣ್ಣಗೆ ಹೇಳಿದರು.

"ಆ ಚುಟ್ಟದ ಡಬ್ಬಿ ನಾನು ನೋಡದಿದ್ರೆ ಹಾಳಾಗಿ ಹೋಗ್ತಿತ್ತು ಕಣೆ."

"ಎಂತ ಮಾಡಿದ್ರಿ ಅತ್ತೆ?"

"ಎಂತ ಮಾಡದು? ಬೀರು ತೆಗೆದ್ರೆ ಡಬ್ಬಿ ಒಳಗೆ ಒದ್ದೆ ಸ್ಪಂಜು! ಈ ಮಳೆಗಾಲದಲ್ಲಿ ಯಾರಾದ್ರೂ ಹಾಂಗೆ ಇಡ್ತಾರಾ? ಎರಡು ಚುಟ್ಟಕ್ಕೆ ಆಗ್ಲೇ ಬೆಳ್ಳಗೆ ಬೂಷ್ಟು. ಬಟ್ಟೇಲಿ ಒರೆಸಿ ಒಂದು ವಾರ ಬಚ್ಚಲ ಅಟ್ಟದ ಮೇಲೆ ಹರವಿದ್ದೆ. ಗರಿಗರಿ ಆದ್ವು. ನಿನ್ನೆ ಮತ್ತೆ ಹಾಂಗೇ ಜೋಡಿಸಿ ಬಿಗಿಯಾಗಿ ಮುಚ್ಚಿಟ್ಟೆ. ಉಪಕಾರ ಅಂತ ಒಂದು ಮಾತು ಬೇಡ, ಹಿಂಗೆ ಕಣ್ಣು ಬಿಡ್ತೀಯಲ್ಲ!"

ಯಾರನ್ನು ಬೈಯಲಿ? ಅವರು ಎಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದ್ದರು. ಆದರೆ ಒಂದು ವಾರ ಹಲಸಿನ ಸೌದೆಯ ಹೊಗೆ ಕುಡಿದ ಸಿಗಾರನ್ನು ಕೈಯಲ್ಲಿ ಹಿಡಿದು, ನಮ್ಮವರು ಅಲ್ಲಿ ಚಪ್ಪಲಿ, ಮರದ ಪುಡಿ, ಬೆಲ್ಲ ಎಂದು ಬಾಯಿಪಾಠ ಒಪ್ಪಿಸಲಿದ್ದರು. ಬಚ್ಚಲ ಹೊಗೆ ತಿಳಿಯದ ಮೂಗು ಮೂಗೇ ಅಲ್ಲ ಎಂದು ಎಂಥ ದಡ್ಡನಿಗೂ ಗೊತ್ತಾಗುತ್ತದೆ. ಗೊತ್ತಾದರೆ ಹದಿನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರಂತೆ. ಇನ್ನೂ ನಾಲ್ಕು ಸಲ ಮಾಡಿದೆ, ಆ ಹೆಣ್ಣುಮಗಳು ನಾಲ್ಕು ಸಲವೂ ಅದೇ ಹೇಳಿದಳು.

ಉಟ್ಟ ಸೀರೆಯಲ್ಲೇ ಜಯಪುರದ ಬಸ್ಸು ಹತ್ತಿದೆ. ಅಲ್ಲಿಂದ ಬಸರೀಕಟ್ಟೆಗೆ ಜೀಪು. ಡ್ರೈವರ್ ಪ್ರಕಾಶ ಜೀಪಿಗೆ ಒರಗಿ ಹಲ್ಲು ಚುಚ್ಚಿಕೊಳ್ಳುತ್ತ, "ಇನ್ನೆರಡು ಜನ ಆಗ್ಲಿ ಅಕ್ಕ, ಹೊರಡುವ" ಎಂದ.

"ಆ ಎರಡು ಜನ ನಾನೇ ಅಂತ ತಿಳ್ಕ. ಹೊರಡು ಮಾರಾಯ!"

"ಯಾರಿಗಾದ್ರೂ ಹುಷಾರಿಲ್ವಾ ಅಕ್ಕ?"

"ಹೌದು, ಮೂಗಿಗೆ" ಎಂದೆ. ಅವನು ಮತ್ತೆ ಏನೂ ಕೇಳಲಿಲ್ಲ.

ಬಂಗಲೆಯ ಜಗುಲಿಯಲ್ಲಿ ಬೆತ್ತದ ಕುರ್ಚಿಗಳ ಮೇಲೆ ಐದಾರು ಜನ ಗಂಡಸರು. ನಡುವಿನ ಮೇಜಿನ ಮೇಲೆ ಕಾಫಿ ಲೋಟಗಳು, ತೆರೆದ ಡಬ್ಬಿ. ಸಿಗಾರುಗಳು ಆಗಲೇ ಹೊತ್ತಿದ್ದವು. ಮೆಟ್ಟಿಲು ಹತ್ತುವ ಮೊದಲೇ ನನ್ನ ಮೂಗಿಗೆ ನಮ್ಮ ಬಚ್ಚಲು ಬಡಿಯಿತು. ಅದೇ ಹಲಸಿನ ಸೌದೆ, ಅದೇ ಮಸಿ, ಜೊತೆಗೆ ವಾಟೆಹುಳಿ ಕೂಡ.

"ಏನಮ್ಮ ಇಲ್ಲಿ?" ಎಂದರು ಮಲ್ಲೇಶಪ್ಪನವರು.

"ಇವರು ಕನ್ನಡಕ ಮರೆತು ಬಂದಿದ್ರು" ಎಂದೆ. ಕನ್ನಡಕ ಇವರ ಮುಖದ ಮೇಲೆಯೇ ಇತ್ತು. ಎಲ್ಲರೂ ಅದನ್ನೇ ನೋಡಿದರು. ನಾನು ಕಂಬದ ಪಕ್ಕ ನಿಂತು, ಸಾಹುಕಾರರು ಆಚೆ ತಿರುಗಿದ ಕೂಡಲೇ ಮೂಗು ಹಿಡಿದು ತೋರಿಸಿದೆ, ಕೈಯಿಂದ ಒಲೆ ಊದುವ ಹಾಗೆ ಮಾಡಿದೆ, ಬೇಡ ಬೇಡ ಎಂದು ತಲೆ ಆಡಿಸಿದೆ. ಇವರಿಗೆ ಹೊಳೆದದ್ದು ಒಂದೇ, ಹೆಂಡತಿ ಪಾಠ ನೆನಪಿಸುತ್ತಿದ್ದಾಳೆ ಅಂತ. ಮುಖ ಅರಳಿತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಹೊತ್ತಿಸುವ ಮೊದಲು ಇದರಲ್ಲಿ ಒಣಹುಲ್ಲು ಹಾಸಿದ ಕೊಟ್ಟಿಗೆಯ ಪರಿಮಳ. ಹೊತ್ತಿಸಿದ ಮೇಲೆ ಹೊಸ ಚರ್ಮ, ಹಿಂದೆಯೇ ಕೊಯ್ದ ಮರ. ಅರ್ಧಕ್ಕೆ ಬರುವಾಗ ತಳ ಹಿಡಿದ ಬೆಲ್ಲ..."

ಅಯ್ಯೋ ದೇವರೇ, ಎಷ್ಟು ಚೆನ್ನಾಗಿ ಹೇಳುತ್ತಿದ್ದರು! ಒಂದು ಮಾತು ತಪ್ಪಲಿಲ್ಲ. ಸಾಹುಕಾರರ ಸ್ನೇಹಿತರು ಹೊಗೆ ಬಿಡುತ್ತ, "ಹೌದು ಹೌದು, ಬೆಲ್ಲ" ಎಂದು ತಲೆದೂಗಿದರು. ಬಚ್ಚಲ ಹೊಗೆ ಎಳೆದುಕೊಂಡು ಬೆಲ್ಲ ಎನ್ನುವ ಈ ಜನಕ್ಕೆ ಏನು ಹೇಳುವುದು? ಇವರು ಪಾರಾದರು ಎಂದೇ ನಾನು ಅಂದುಕೊಂಡೆ. ಆದರೆ ಮೂಲೆಯ ಕುರ್ಚಿಯಲ್ಲಿದ್ದ ನೆರೆಗೂದಲಿನ ಒಬ್ಬರು ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒತ್ತಿದರು. ಹಪ್ಪಳದ ಹಾಗೆ ಸದ್ದಾಯಿತು. ಅವರೇ ಗಂಗಾಧರ್.

"ಶಿಶಿರ ಅವರೇ, ನೀವು ಹೇಳಿದ್ದೆಲ್ಲ ಈ ಸಿಗಾರಿನ ಗುಣವೇ. ಆದರೆ ಈ ಡಬ್ಬಿಯದ್ದಲ್ಲ. ಇದನ್ನ ಯಾರೋ ಸೌದೆ ಒಲೆಯ ಮೇಲೆ ಇಟ್ಟಿದ್ದಾರೆ. ಸೌದೆಯ ಹೊಗೆ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ನಿಮಗೆ ಅದು ಸಿಗಲಿಲ್ವಾ?"

ಜಗುಲಿಯಲ್ಲಿ ಎಲ್ಲರ ಕೈಯೂ ನಿಂತಿತು. ತಲೆದೂಗಿದವರು ಈಗ ಸಿಗಾರನ್ನು ಮೂಗಿನ ಹತ್ತಿರ ತಂದು ಮುಖ ಕಿವಿಚಿಕೊಂಡರು.

"ಶಿಶಿರ?" ಎಂದರು ಸಾಹುಕಾರರು. "ನಿನಗೆ ಗೊತ್ತಾಗ್ಲಿಲ್ಲೇನೋ?"

ನಾನು ಬಾಯಿ ತೆಗೆದೆ. ಸುಳ್ಳು ತಯಾರಾಗಿತ್ತು. ಬೆಳಿಗ್ಗೆಯೇ ಇವರಿಗೆ ಗೊತ್ತಾಗಿತ್ತು, ಅತ್ತೆಗೆ ಬೇಜಾರಾಗುತ್ತದೆ ಅಂತ ನಾನೇ ಹೇಳಬೇಡಿ ಎಂದಿದ್ದೆ, ಹೀಗೆ ಏನೋ ಒಂದು. ಆದರೆ ಇವರು ನನ್ನ ಕಡೆ ಕೈ ಅಡ್ಡ ಹಿಡಿದರು.

"ಗೊತ್ತಾಗಲ್ಲ ಸಾಹುಕಾರ್ರೆ. ಹೊಗೆನೂ ಗೊತ್ತಾಗಲ್ಲ, ಸಿಗಾರೂ ಗೊತ್ತಾಗಲ್ಲ. ಮೂಗು ಹೋಗಿ ಎಂಟು ತಿಂಗಳಾಯ್ತು."

"ಎಂಟು ತಿಂಗಳು? ಹಂಗಾದ್ರೆ ನನ್ನ ಕಾಫಿ ಮೂಸಿ ಬರೆದುಕೊಟ್ಟಿದ್ದು ಯಾರು?"

ಇವರು ನನ್ನನ್ನು ತೋರಿಸಿದರು. ಅಲ್ಲಿಯ ತನಕ ನನ್ನ ಎದೆಯಲ್ಲಿದ್ದ ಭಯವೆಲ್ಲ ಒಮ್ಮೆಲೇ ಸಿಟ್ಟಾಯಿತು.

"ಹೌದು, ನಾನೇ" ಎಂದೆ. "ಎಂಟು ತಿಂಗಳಲ್ಲಿ ನೀವು ಕಳಿಸಿದ ಒಂದು ಚೀಲ ಆದ್ರೂ ವಾಪಸು ಬಂತಾ ಹೇಳಿ. ಸೀತೂರಿನ ಲೋಡಿಗೆ ಮುಗ್ಗಲು ಹಿಡಿದಿದೆ ಅಂತ ಹೇಳಿದ್ದು ನಾನು. ಈ ಸಿಗಾರಿನ ಬೆಲ್ಲ, ಮೆಣಸು ಎಲ್ಲ ಕೆಮ್ಮಿ ಕೆಮ್ಮಿ ಕಂಡುಹಿಡಿದದ್ದು ನಾನು. ಹೊಗೆ ಹಾಕಿದ್ದು ನಮ್ಮತ್ತೆ. ಅವರು ಒಳ್ಳೆದಕ್ಕೇ ಮಾಡಿದ್ರು. ಈಗ ಬೈಯೋದಿದ್ರೆ ಮೂರು ಜನಕ್ಕೂ ಒಟ್ಟಿಗೆ ಬೈದುಬಿಡಿ, ನನಗೆ ಕೊಪ್ಪದ ಬಸ್ಸಿದೆ."

ಗಂಗಾಧರ್ ನಗಲಿಲ್ಲ. ಚೀಲದಿಂದ ತಮ್ಮದೇ ಒಂದು ಸಿಗಾರ್ ತೆಗೆದು ನನ್ನ ಮುಂದೆ ಹಿಡಿದರು. ಮೂಸಿದೆ. "ಇದು ಹಿಂದಿನದಕ್ಕಿಂತ ಹಳೇದು. ಕೊಟ್ಟಿಗೆ ಇಲ್ಲ. ಒಣದ್ರಾಕ್ಷಿ ಇದೆ, ಜೇನು ಇದೆ. ಇದಕ್ಕೆ ಹುಳಿ ಇರೋ ಕಾಫಿ ಕೊಟ್ರೆ ಎರಡೂ ಹಾಳು. ಮತ್ತೆ, ಚೀಲದಲ್ಲಿ ಲವಂಗ ಇಟ್ಕೊಂಡಿದೀರಿ, ಅದನ್ನ ಬೇರೆ ಇಡಿ" ಎಂದೆ. ಅವರು ಚೀಲದ ಜೇಬಿನಿಂದ ಲವಂಗದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ಮಲ್ಲೇಶಪ್ಪನವರೇ, ಕಾಫಿ ಈ ತಾಯಿ ಆರಿಸಿದ್ದಾದರೆ ನಾನು ತಗೋತೀನಿ" ಎಂದರು.

ಸಾಹುಕಾರರು ಡಬ್ಬಿಯ ಮುಚ್ಚಳ ಮುಚ್ಚಿದರು. ಆಮೇಲೆ ಹೇಳಿದ್ದು ನನ್ನ ಗಂಡನಿಗೆ. "ಸೋಮವಾರದಿಂದ ಇವಳನ್ನ ಮಂಡಿಗೆ ಕಳಿಸು. ನೀನು ಮನೇಲಿರು. ನಿನಗೆ ಕೊಡೋಕೆ ನನ್ನತ್ರ ಬೇರೆ ಕೆಲಸ ಇಲ್ಲ."

"ಕೇಳೋದಿದ್ರೆ ನನ್ನನ್ನ ಕೇಳಿ" ಎಂದೆ. ಕೇಳಿದರು. ಸಂಬಳ ಇವರಿಗೆ ಕೊಡುತ್ತಿದ್ದಷ್ಟೇ ಆದರೆ ಬರುತ್ತೇನೆ ಎಂದೆ. ಹೂಂ ಎಂದರು. ಗೆದ್ದೆ ಅಂತಲೇ ಲೆಕ್ಕ. ಆದರೆ ಇವರು ಎಂದಿನ ರೂಢಿಯಲ್ಲಿ ಮೇಜಿನ ಮೇಲಿನ ಲೋಟಗಳನ್ನು ಒಂದೊಂದಾಗಿ ಜೋಡಿಸುತ್ತ ನಿಂತಿದ್ದರು. ಅದನ್ನು ನೋಡಲು ನನಗೆ ಆಗಲಿಲ್ಲ. ಇವರು ನನಗೆ ಬೈದಿದ್ದರೂ ಆಗುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಏಳುವ ಮೊದಲೇ ಇವರು ಎದ್ದಿದ್ದರು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಒಂದು ದಿನವೂ ಒಲೆ ಹಚ್ಚದವರು ನಾನು ತಲೆ ಬಾಚಿಕೊಳ್ಳುವಾಗ ಕಾಫಿ ತಂದು ಕೊಟ್ಟರು. ಲೋಟ ಬಾಯಿಯ ಹತ್ತಿರ ಬರುವ ಮೊದಲೇ ಗೊತ್ತಾಯಿತು, ಹಾಲು ಸೀದು ಕರಕಲಾಗಿತ್ತು. ಮನೆಯಿಡೀ ಅದೇ ವಾಸನೆ. ಅತ್ತೆ ಜಗುಲಿಯಿಂದ ಎದ್ದು ಬಂದು ಬಾಯಿ ತೆಗೆದರು. ನಾನು ಕಣ್ಣು ಬಿಟ್ಟೆ, ಅವರು ಹಾಗೇ ಹಿಂದೆ ಹೋದರು.

"ಹ್ಯಾಂಗಿದೆ?" ಎಂದರು ಇವರು.

"ಚೆನ್ನಾಗಿದೆ ರೀ."

ಇವರು ನನ್ನ ಮುಖವನ್ನೇ ನೋಡುತ್ತ ನಿಂತರು. "ನಯನ, ನೀನೂ ಸುಳ್ಳು ಹೇಳಿದ್ರೆ ನಾನು ಇನ್ಯಾರನ್ನ ಕೇಳಲಿ?"

ಲೋಟ ಕೆಳಗಿಟ್ಟೆ.

"ಹಾಲು ಸೀದಿದೆ" ಎಂದೆ. "ಪೂರಾ ಸೀದಿದೆ. ಕುಡಿಯಕ್ಕೆ ಆಗಲ್ಲ."

ಇವರು ಹೂಂ ಎಂದು ತಲೆಯಾಡಿಸಿ, ಲೋಟ ತೆಗೆದುಕೊಂಡು ಹೋಗಿ ಕಾಫಿಯನ್ನು ಚೆಲ್ಲಿದರು. ಪಾತ್ರೆ ತಿಕ್ಕಿ ತೊಳೆದರು, ಬೇರೆ ಹಾಲು ಇಟ್ಟರು. ಈ ಸಲ ಉರಿ ಸಣ್ಣ ಮಾಡಿ, ಸೊಂಟಕ್ಕೆ ಕೈ ಇಟ್ಟುಕೊಂಡು, ಹಾಲಿನ ಮೇಲಿಂದ ಕಣ್ಣು ತೆಗೆಯದೆ ನಿಂತರು. ಬಾಳೆಹೊನ್ನೂರಿನ ಬಸ್ಸು ಕೆಳಗಿನ ತಿರುವಿನಲ್ಲಿ ಹಾರನ್ ಹೊಡೆಯಿತು. ಹೋಗಲಿ, ಇನ್ನೊಂದು ಬರುತ್ತದೆ ಎಂದು ನಾನು ಅಲ್ಲೇ ಮಣೆ ಎಳೆದುಕೊಂಡು ಕೂತೆ.